ಎರಡನೇ ಪಂಕ್ತಿಯ ಇಲಿಗಳು

ನಮ್ಮ ಊರಿನಲ್ಲಿ ಯಾರೂ ಎದೆ ಮುಟ್ಟಿಕೊಂಡು ಆಣೆ ಮಾಡುವುದಿಲ್ಲ. ಎಡಪಕ್ಕೆ ಮುಟ್ಟಿಕೊಳ್ಳುತ್ತಾರೆ. ಎದೆಯೊಳಗಿನದು ಎಲ್ಲ ಊರುಗಳಲ್ಲೂ ಬಡಿದುಕೊಳ್ಳುತ್ತದೆ, ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ನಮ್ಮಲ್ಲಿ ದನಿ ಇರುವುದು ಗುಲ್ಮಕ್ಕೆ. ಎಡಗಡೆಯ ಕೊನೆಯ ಪಕ್ಕೆಲುಬುಗಳ ಒಳಗೆ, ಹೊಟ್ಟೆಯ ಬೆನ್ನಿಗೆ, ಮುಷ್ಟಿಯಷ್ಟು ಗಾತ್ರದಲ್ಲಿ ಅಡಗಿ ಕೂತ ಅಂಗ ಅದು. ಬೇರೆ ಊರಿನವರು ಅದರ ಹೆಸರನ್ನೂ ಕೇಳದೆ ಹುಟ್ಟಿ ಸತ್ತುಹೋಗುತ್ತಾರೆ. ನಮ್ಮಲ್ಲಿ ಅದು ಕೂಸು ಹುಟ್ಟಿದ ಮೂರನೇ ದಿನಕ್ಕೆ ಗುಂಯ್ ಎನ್ನಲು ಶುರುಮಾಡುತ್ತದೆ. ಮನುಷ್ಯರದಷ್ಟೇ ಅಲ್ಲ, ಎಮ್ಮೆಯದು, ನಾಯಿಯದು, ಇಲಿಯದು ಎಲ್ಲವೂ. ಅದನ್ನು ಗುಲ್ಮ ಎಂದು ಕರೆದರೆ ಯಾರಿಗೂ ತಿಳಿಯದು. ಎಡದಾಕಿ ಎನ್ನಬೇಕು, ಅಂದರೆ ಎಡಗಡೆ ಇರುವವಳು.

ದಾರಿಯಲ್ಲಿ ಸಿಕ್ಕವರು "ಆರಾಮ ಇದ್ದೀರೇನು" ಎಂದು ಕೇಳುವುದಿಲ್ಲ, "ಎಡಕ್ಕ ಹೆಂಗೈತಿ" ಎನ್ನುತ್ತಾರೆ. ಮೈಯಲ್ಲಿ ಏನಾದರೂ ಕೆಟ್ಟರೆ, ನೆಗಡಿಯಾದರೆ, ಮುಳ್ಳು ಚುಚ್ಚಿದರೆ, ಎಡದಾಕಿ ಮೊದಲು ಗೊಣಗುತ್ತಾಳೆ, ಆಮೇಲೆ ಜಗಳಕ್ಕೆ ನಿಲ್ಲುತ್ತಾಳೆ. ಹೀಗಾಗಿ ನೆಗಡಿ ಬಂದ ಕಳ್ಳ ನಮ್ಮೂರಿನಲ್ಲಿ ರಜೆ ಹಾಕಬೇಕು. ಹೆಣ್ಣು ನೋಡಲು ಬಂದವರು ಹಾಡು ಹೇಳು ಎನ್ನುವುದಿಲ್ಲ, ಅತ್ತೆಯಾಗುವವಳು ಹತ್ತಿರ ಕರೆದು ಸೀರೆಯ ಸೆರಗು ಸರಿಮಾಡುವ ನೆವದಲ್ಲಿ ಕಿವಿ ಬಗ್ಗಿಸುತ್ತಾಳೆ. ಒಬ್ಬ ಸ್ವಾಮಿ ಇಲ್ಲಿಗೆ ಬಂದು ನಲವತ್ತೆಂಟು ದಿನ ಮೌನವ್ರತ ಹಿಡಿದರು. ಅವರು ಹೊರಗಿನವರು, ಒಳಗೂ ಹೊರಗೂ ನಿಶ್ಶಬ್ದ. ಭಕ್ತರು ಹೆದರಿ ನಾಲ್ಕನೇ ದಿನಕ್ಕೆ ಹೆಣ ಹೊರುವವರಿಗೆ ಹೇಳಿಕಳಿಸಿದ್ದರು.

ಎಡದಾಕಿ ಸುಮ್ಮನಾದರೆ ಮಾತ್ರ ಊರಿಗೆ ತಮಾಷೆ ನಿಲ್ಲುತ್ತದೆ. ಅದನ್ನು ನಾವು ಮುನಿಸು ಎನ್ನುತ್ತೇವೆ. ಹೊರಗಿನ ವೈದ್ಯರು ಕ್ಯಾನ್ಸರ್ ಎನ್ನುತ್ತಾರೆ. ಗಂಟು ಮೈಯಲ್ಲಿ ಎಲ್ಲೇ ಬೆಳೆಯಲಿ, ಎಡದಾಕಿ ಅದನ್ನು ಶತ್ರು ಎಂದು ಗುರುತಿಸದೆ, ಯಾರೋ ಬೀಗರು ಬಂದಿದ್ದಾರೆ ಎಂಬಂತೆ ಬಾಯಿ ಮುಚ್ಚಿಕೊಂಡುಬಿಡುತ್ತಾಳೆ. ಆಕೆಯನ್ನು ಒಲಿಸಲು ಜನ ಜೋಗುಳ ಹಾಡುತ್ತಾರೆ, ಹಾಗಲಕಾಯಿ ಕಟ್ಟುತ್ತಾರೆ, ನನ್ನನ್ನು ಕರೆಯುತ್ತಾರೆ. ನಾನು ಪೇಟಿ ರಿಪೇರಿ ಮಾಡುವವನು. ಹಾರ್ಮೋನಿಯಂ ಎಂದರೂ ಅದೇ. ಕಿವಿ ಚೂಪು ಎಂಬ ಹೆಸರಿದೆ. ನನ್ನ ಹೆಂಡತಿಗೆ ಮುನಿಸು ಬಂದಾಗ ನಾಲ್ಕು ತಿಂಗಳು ಅವಳ ಎಡಪಕ್ಕೆಯ ಬಳಿ ಕೂತು ಪೇಟಿ ನುಡಿಸಿದೆ. ಅವಳ ಎಡದಾಕಿಗೆ ನನ್ನ ವಾದನ ಹಿಡಿಸಲಿಲ್ಲ. ಅವಳಿಗೂ ಎಂದೂ ಹಿಡಿಸಿರಲಿಲ್ಲ, ಮೂವತ್ತೊಂದು ವರ್ಷ ಹೇಳಿರಲಿಲ್ಲ ಅಷ್ಟೆ. ಅವಳು ಹೋದ ಮೇಲೆ ನಾನು ರೋಗಿಗಳ ಮನೆಗೆ ಪೇಟಿ ಒಯ್ಯುವುದನ್ನು ಬಿಟ್ಟೆ.

ಆ ಹೊತ್ತಿಗೆ ಡಾಕ್ಟರ್ ವಾರಿಜಾ ಕೆದಿಲಾಯ ಬಂದರು. ಕಡಲ ಕಡೆಯವರು, ಮೀನು ತಿನ್ನದ ಕಡಲ ಕಡೆಯವರು. ಬೇರೆ ಕಡೆ ಇಲಿಯ ಗುಲ್ಮ ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ ಇಲಿಯನ್ನು ಕೊಯ್ಯಬೇಕು, ಇಲ್ಲಿ ಕಿವಿ ಕೊಟ್ಟರೆ ಸಾಕು ಎಂದು ಯಾರೋ ಹೇಳಿದ್ದರಂತೆ. ಹಳೆಯ ಹತ್ತಿ ಗೋದಾಮು ಹಿಡಿದು ಪ್ರಯೋಗಾಲಯ ಮಾಡಿದರು. ಬಂದ ಮೊದಲ ವಾರ ಜನ ಅವರ ಪಕ್ಕದಲ್ಲಿ ಕೂರಲು ಅಂಜಿದರು, ಎಡಗಡೆ ಏನೂ ಕೇಳದ ಹೆಂಗಸು ಎಂದು. ಅವರು ಮಾತ್ರ ಅದಕ್ಕೆಲ್ಲ ಸೊಪ್ಪು ಹಾಕದೆ ನನ್ನ ಅಂಗಡಿಗೇ ಬಂದು, "ನೀವೇ ಅಲ್ವಾ ಪೇಟಿ ಮಾಸ್ಟ್ರು? ಇಲಿಯ ಶ್ರುತಿ ಹಿಡಿದು ಹೇಳ್ಲಿಕ್ಕೆ ಆಗ್ತದಾ ನಿಮಗೆ?" ಎಂದು ಕೇಳಿದರು. ಆರೋಗ್ಯವಂತ ಇಲಿಯ ಎಡದಾಕಿ ಕರಿ ಎರಡರಲ್ಲಿ ನಿಲ್ಲುತ್ತಾಳೆ, ಅಂದರೆ ಪೇಟಿಯ ಎರಡನೇ ಕಪ್ಪು ಮನೆ, ಮೂರು ಸಪ್ತಕ ಮೇಲೆ ಎಂದೆ. ಅವರು ಅಲ್ಲೇ ನನ್ನನ್ನು ಕೆಲಸಕ್ಕೆ ತೆಗೆದುಕೊಂಡರು. ಹುದ್ದೆಯ ಹೆಸರು ಕೇಳುಗ. ಅರವತ್ತು ವರ್ಷ ಬದುಕಿ ಕೊನೆಗೆ ಇಲಿಗಳ ಕೇಳುಗನಾದೆ. ಸಂಗೀತ ಸಭೆಗಳ ಕೇಳುಗರಿಗಿಂತ ನನ್ನ ಸ್ಥಿತಿ ಉತ್ತಮ; ಇಲಿಗಳು ಆಲಾಪವನ್ನು ಎಳೆಯುವುದಿಲ್ಲ.

ಪಂಜರ ತೊಳೆಯಲು, ಕಾಳು ಹಾಕಲು ಸಾವಂತ್ರಕ್ಕನನ್ನು ನೇಮಿಸಿದರು. ಸಾವಂತ್ರಕ್ಕ ಎಂದರೆ ಮಠದ ದಾಸೋಹದಲ್ಲಿ ಮೂವತ್ತು ವರ್ಷ ಊಟ ಬಡಿಸಿದವಳು. ಮೊಣಕಾಲು ಹೋದ ಮೇಲೆ ಬಾಗಿ ಬಡಿಸಲಾಗದೆ ಬಿಟ್ಟಿದ್ದಳು. ಪಂಜರಗಳು ಎದೆಮಟ್ಟಕ್ಕೆ ಇದ್ದುದರಿಂದ ಈ ಕೆಲಸ ಆಕೆಗೆ ಹೊಂದಿತು. ಮೊದಲ ದಿನವೇ ಇಲಿಗಳನ್ನು ಉದ್ದಕ್ಕೆ ನೋಡಿ, "ಎಷ್ಟು ಮಂದಿ?" ಎಂದು ಕೇಳಿದಳು. ನಲವತ್ತು ಎಂದೆ. "ಎರಡು ಸಾಲು. ಸಲೀಸು" ಎಂದಳು. ಆಕೆಯ ಹಿಂದೆ ಒಂದು ನಾಯಿ ಬರುತ್ತಿತ್ತು. ಜೀರಿಗೆಯ ಬಣ್ಣದ್ದು, ಹೆಸರೂ ಜೀರಿಗಿ. ಆಕೆಗೆ ಗಂಡ ಮಕ್ಕಳು ಯಾರೂ ಇರಲಿಲ್ಲ. ಆ ನಾಯಿ ಹನ್ನೊಂದು ವರ್ಷದಿಂದ ಜೊತೆಗಿತ್ತು. ಅದರ ಮೊಲೆಸಾಲಿನಲ್ಲಿ ನೆಲ್ಲಿಕಾಯಿಯಷ್ಟು ಗಂಟೊಂದು ಎದ್ದು, ಎರಡು ತಿಂಗಳಿಂದ ಎಡಗಡೆ ಸದ್ದಿರಲಿಲ್ಲ. ದನದ ಡಾಕ್ಟರು ಮುದಿ ನಾಯಿ, ಕತ್ತಿ ತಡೆಯುವುದಿಲ್ಲ ಎಂದಿದ್ದರು.

ವಾರಿಜಾ ಡಾಕ್ಟರು ಮಾಡಲು ಹೊರಟದ್ದು ಹೇಳಿದರೆ ಇಷ್ಟೆ. ಗುಲ್ಮದ ಒಳಗೆ ರೋಗದ ಜೊತೆ ಬಡಿದಾಡುವ ಸೈನಿಕರು ಮಲಗಿರುತ್ತಾರೆ. ಪೆನ್ನಿನಷ್ಟು ದಪ್ಪದ ಒಂದು ಕೊಳವೆಯಿಂದ, ಮನುಷ್ಯರ ಕಿವಿಗೆ ಬೀಳದಷ್ಟು ಮೇಲಿನ ಸ್ವರವನ್ನು ಇಲಿಯ ಪಕ್ಕೆಗೆ ಬಿಡುವುದು. ದಿನಕ್ಕೆ ಮೂರು ನಿಮಿಷ. ಸೈನಿಕರು ಎದ್ದರೆ ಗಂಟನ್ನು ಅವರೇ ನೋಡಿಕೊಳ್ಳುತ್ತಾರೆ. ಇದೇ ಊರಿನ ನಲವತ್ತು ಇಲಿ ಹಿಡಿಸಿ, ಎಲ್ಲಕ್ಕೂ ಗಂಟು ಬರಿಸಿದ್ದರು. ಇಲಿಯಲ್ಲಿ ಗೆದ್ದರೆ ಒಂದು ನಾಯಿಗೆ ಮಾಡಿ ನೋಡಲು ಮೇಲಿನವರು ಒಪ್ಪಿಗೆ ಕೊಡುತ್ತಾರೆ, ನಾಯಿಗೆ ಬೇಕಾದ ದೊಡ್ಡ ಕೊಳವೆಯನ್ನೂ ಆಗಲೇ ಕಳಿಸುತ್ತಾರೆ ಎಂದರು. ಸಾವಂತ್ರಕ್ಕ ಕೇಳಿದಳು: "ಬಾಯಾರ, ಆ ಒಂದ್ ನಾಯಿ ಯಾವುದು ಅಂತ ಅವರ ಹೇಳ್ತಾರೋ, ನೀವ್ ಹೇಳ್ತೀರೋ?" ಡಾಕ್ಟರು ಬಾಗಿಲಲ್ಲಿ ಮಲಗಿದ್ದ ಜೀರಿಗಿಯನ್ನು ನೋಡಿ, "ನಾನು ಹೇಳುದು" ಎಂದರು. ಅಂದಿನಿಂದ ಸಾವಂತ್ರಕ್ಕ ಇಲಿಗಳನ್ನು ಬೀಗರಂತೆ ನೋಡಿಕೊಂಡಳು.

ನನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ಇಲಿಗಳನ್ನು ಒಂದೊಂದಾಗಿ ಬುಟ್ಟಿಯಲ್ಲಿ ತಂದು ಸಾವಂತ್ರಕ್ಕ ನನ್ನ ಮುಂದಿಡುವುದು, ನಾನು ರಬ್ಬರ್ ಕೊಳವೆ ಕಿವಿಗೆ ಹಚ್ಚಿ ದನಿ ಇದೆಯೋ ಇಲ್ಲವೋ, ಎಷ್ಟಿದೆ ಎಂದು ಬರೆಯುವುದು. ಯಾವ ಇಲಿ ಯಾವ ಸಾಲಿನದು ಎಂದು ನನಗೆ ಹೇಳುವಂತಿಲ್ಲ, ತಿಳಿದರೆ ಕಿವಿ ಪಕ್ಷಪಾತ ಮಾಡುತ್ತದಂತೆ. ಮೊದಲ ವಾರ ನಲವತ್ತೂ ಸ್ಮಶಾನ. ಎರಡನೇ ವಾರದಲ್ಲಿ ಅಲ್ಲೊಂದು ಇಲ್ಲೊಂದು ಗುಂಯ್. ಮೂರನೇ ವಾರದ ಕೊನೆಗೆ ಮೂವತ್ತಾರು ಇಲಿಗಳು ಹಾಡುತ್ತಿದ್ದವು. ಕೆಲವು ಕರಿ ಎರಡಕ್ಕಿಂತ ಮೇಲೆ ಹೋಗಿ ಹೊಸದಾಗಿ ಸಂಗೀತ ಕಲಿತವರಂತೆ ಕಿರುಚುತ್ತಿದ್ದವು. ಗಂಟುಗಳು ಕರಗಿ ಸಾಸಿವೆಯಷ್ಟಾಗಿದ್ದವು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಡಾಕ್ಟರು ಎರಡನೇ ವಾರದಿಂದಲೇ ಮಾತು ಕಡಿಮೆ ಮಾಡಿದ್ದರು.

ಲೆಕ್ಕ ಬಿಚ್ಚುವ ದಿನ ಅವರು ನನ್ನ ಪುಸ್ತಕವನ್ನೂ ತಮ್ಮ ಪಟ್ಟಿಯನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ನೋಡಿ ಮುಖ ಮುಚ್ಚಿಕೊಂಡು ಅತ್ತರು. ಸುದ್ದಿ ಅರ್ಧ ಗಂಟೆಯಲ್ಲಿ ಊರಿಡೀ ಹಬ್ಬಿತು: ಇಲಿಗಳೆಲ್ಲ ಬದುಕಿಬಿಟ್ಟಿವೆ, ಡಾಕ್ಟರಬಾಯಿ ಅಳುತ್ತಿದ್ದಾಳೆ. ಜನ ಬಂದು ಗೋದಾಮಿನ ಬಾಗಿಲಲ್ಲಿ ನಿಂತರು. ಖಾನಾವಳಿಯ ಈರಪ್ಪ, "ಸತ್ತಿದ್ರ ನಗ್ತಿದ್ರೇನ್ರಿ?" ಎಂದು ನನ್ನನ್ನು ಕೇಳಿದ. ಕಲಿತವರ ದುಃಖ ನಮಗೆ ತಿಳಿಯದು ಎಂದು ಕಳಿಸಿದೆ.

"ನಿಮಗೆ ಅರ್ಥ ಆಗುದಿಲ್ಲ ಮಾಸ್ಟ್ರೇ" ಎಂದು ಡಾಕ್ಟರು ಮೂಗು ಒರೆಸಿಕೊಂಡು ಹೇಳಿದರು. "ಕಿಟಕಿ ಸಾಲಿನ ಇಪ್ಪತ್ತಕ್ಕೆ ನಾನು ಚಿಕಿತ್ಸೆ ಕೊಟ್ಟದ್ದು. ಗೋಡೆ ಸಾಲಿನ ಇಪ್ಪತ್ತಕ್ಕೆ ಸುಮ್ಮನೆ ಕೊಳವೆ ಮುಟ್ಟಿಸಿದ್ದು, ಗುಂಡಿ ಒತ್ತಲೇ ಇಲ್ಲ. ಅವು ಸಾಯ್ಬೇಕಿತ್ತು. ಅವೂ ಗುಣ ಆದ್ರೆ ನನ್ನ ಯಂತ್ರ ಎಂತದೂ ಮಾಡ್ಲಿಲ್ಲ ಅಂತ ಅಲ್ವಾ? ಗಾಳಿಗೋ ನೀರಿಗೋ ತನ್ನಷ್ಟಕ್ಕೇ ವಾಸಿ ಆದದ್ದು. ಮೇಲಿನವರು ಬಾಗಿಲು ಹಾಕಿ ಬನ್ನಿ ಅಂತಾರೆ." ಆಮೇಲೆ ಬಾಗಿಲ ಕಡೆ ನೋಡಿ, "ನಾಯಿಗೂ ಇಲ್ಲ ಇನ್ನು" ಎಂದರು. ಜೀರಿಗಿಯ ಗಂಟು ಅಷ್ಟರಲ್ಲಿ ನಿಂಬೆಹಣ್ಣಿನಷ್ಟಾಗಿತ್ತು. ಸಾವಂತ್ರಕ್ಕ ಅಂಗಳದಲ್ಲಿ ಪಂಜರ ತೊಳೆಯುತ್ತಿದ್ದಳು, ಈ ಮಾತು ಕೇಳಿಸಿರಲಿಲ್ಲ. ನಾಯಿಗೆ ಆಗುವುದಿಲ್ಲ ಎಂಬುದನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಹೋಗಿ ಹೇಳಿದೆ. ಆಕೆ ಕೈ ನಿಲ್ಲಿಸಿದಳು. "ಎಲ್ಲಾ ಆರಾಮ ಆದವಲ್ಲರಿ ಮಾಸ್ತರ. ಮತ್ತ ಯಾಕ ಕೊಡಂಗಿಲ್ಲ?" ಗೋಡೆ ಸಾಲಿಗೆ ಮದ್ದೇ ಕೊಟ್ಟಿರಲಿಲ್ಲವಂತೆ, ಆದರೂ ಗುಣವಾದವಂತೆ, ಅದಕ್ಕೆ ಎಂದೆ. ಆಕೆ ನನ್ನನ್ನೇ ನೋಡಿ ಬಹಳ ಸಮಾಧಾನದಿಂದ, "ಯಾರ್ ಕೊಟ್ಟಿಲ್ಲ ಅಂದಾಕಿ? ನಾ ಕೊಟ್ಟೀನಿ" ಎಂದಳು.

ನನ್ನ ಎಡದಾಕಿ ಆ ಕ್ಷಣ ಒಂದು ಸ್ವರ ಬಿಟ್ಟದ್ದು ನನಗೇ ಕೇಳಿಸಿತು.

"ಬಾಯಾರು ಹನ್ನೆರಡಕ್ಕ ಊಟಕ್ಕ ಹೋದ್ರ ಒಂದೂವರಿಗೆ ಬರೂದು" ಎಂದು ಸಾವಂತ್ರಕ್ಕ ಹೇಳತೊಡಗಿದಳು. "ಒಂದನೇ ದಿನ ನೋಡಿದೆ, ಕಿಟಕಿ ಕಡಿ ಸಾಲಿಗೆ ಹಸರು ಗುಂಡಿ ಒತ್ತತಾರ. ಗ್ವಾಡಿ ಕಡಿ ಸಾಲಿಗೆ ಹಚ್ಚಿದಂಗ ಮಾಡಿ ಹಂಗ ಮುಂದ ಹೋಗ್ತಾರ. ಮರತಾರೇನೋ ಅಂದ್ಕೊಂಡೆ. ಎರಡನೇ ದಿನಾನೂ ಅದ! ಮಾಸ್ತರ, ಮಠದಾಗ ಒಬ್ಬಾಕಿ ಇದ್ಲು, ತನಗ ಬೇಕಾದವರ ಎಲಿಗೆ ತುಪ್ಪ ಹಾಕಿ, ಬ್ಯಾಡಾದವರ ಎಲಿ ಮ್ಯಾಲ ಬರೇ ತುಪ್ಪದ ಮಿಳ್ಳಿ ತೋರಿಸಿ ಹೋಗಾಕಿ. ಅಕಿನ್ನ ಅಜ್ಜಾರು ಅವತ್ತ ಹೊರಗ ಹಾಕಿದ್ರು. ಬಡಸದಿದ್ರೂ ಚಿಂತಿಲ್ಲ, ಖಾಲಿ ಮಿಳ್ಳಿ ತೋರಸಬಾರದು. ಅದಕ್ಕಿಂತ ದೊಡ್ಡ ಪಂಕ್ತಿಭೇದ ಇಲ್ಲ. ಬಾಯಾರು ಕಲ್ತಾಕಿ, ಹೊರಗಿನಾಕಿ, ಹೇಳಿ ಯಾಕ ನಾಚಿಕಿ ಮಾಡ್ಲಿ ಅಂತ ನಾನ ದಿನಾ ಮಧ್ಯಾಹ್ನ ಗ್ವಾಡಿ ಸಾಲಿಗೆ ಬಡಿಸೀನಿ. ಒಂದೊಂದಕ್ಕ ಮೂರ್ ಮೂರ್ ನಿಮಿಷ. ಕಮ್ಮಿ ಮಾಡಿಲ್ಲ."

ಮೂರು ವಾರ ಹಾಗೆ ಯಂತ್ರ ಹಿಡಿದಿದ್ದೀಯಲ್ಲ, ಒಂದು ದಿನವಾದರೂ ನಿನ್ನ ನಾಯಿಗೆ ಹಿಡಿಯಬೇಕು ಅನ್ನಿಸಲಿಲ್ಲವೇ ಎಂದು ಕೇಳಿದೆ. ತಪ್ಪು ಮಾಡಿದೆ. ಆಕೆ ತೊಳೆಯುತ್ತಿದ್ದ ಪಂಜರ ನೆಲಕ್ಕೆ ಕುಕ್ಕಿ ಎದ್ದು ನಿಂತಳು. "ಮಠದ ಅಡಗಿ ಮನೀಗೆ ಒಯ್ಯಾಕಿ ಅಂತ ತಿಳದೀರೇನು ನನ್ನ?"

ಆಕೆಯನ್ನು ಡಾಕ್ಟರ ಎದುರು ಕರೆದೊಯ್ದು ನಿಲ್ಲಿಸಿದೆ. ಆಕೆ ಅಷ್ಟನ್ನೂ ಮತ್ತೊಮ್ಮೆ ಹೇಳಿದಳು, ಮಿಳ್ಳೆಯ ಭಾಗವನ್ನು ಸ್ವಲ್ಪ ಹೆಚ್ಚು ಒತ್ತಿ. ಡಾಕ್ಟರ ಮುಖದಲ್ಲಿ ಮೊದಲು ಸಿಟ್ಟು ಬಂತು. "ಮೂರು ವಾರ! ಮೂರು ವಾರ ಮಾರಾಯ್ತಿ!" ಎಂದು ಮೇಜು ಗುದ್ದಿದರು. ಆಮೇಲೆ ಕೈ ಗಾಳಿಯಲ್ಲೇ ನಿಂತಿತು. "ಅಂದ್ರೆ... ನಲವತ್ತಕ್ಕೂ ಕೊಟ್ಟದ್ದು. ನಲವತ್ತರಲ್ಲಿ ಮೂವತ್ತಾರು ಗುಣ." ಆಮೇಲೆ ಅವರು ಸಾವಂತ್ರಕ್ಕನನ್ನು ತಬ್ಬಿಕೊಂಡರು. ಬಿಟ್ಟು ಮತ್ತೆ ಬೈದರು. ಬೈದು ಮತ್ತೆ ತಬ್ಬಿಕೊಂಡರು. ನಾನು ಹೊರಗೆ ಹೋಗಬೇಕೋ ಒಳಗಿರಬೇಕೋ ತಿಳಿಯದೆ ಜೀರಿಗಿಯ ಕಿವಿ ಕೆರೆದೆ.

ತೊಡಕು ಏನೆಂದರೆ, ಇದನ್ನು ಹೀಗೆ ಬರೆದು ಕಳಿಸುವಂತಿರಲಿಲ್ಲ. ಹೊಸ ನಲವತ್ತು ಇಲಿ ತಂದು ಮೊದಲಿನಿಂದ ಮಾಡಬೇಕು. ಒಂದು ಸಾಲಿಗೆ ಕೊಡಬೇಕು, ಒಂದಕ್ಕೆ ಕೊಡಬಾರದು, ಈ ಸಲ ನಿಜವಾಗಿಯೂ ಕೊಡಬಾರದು. ಡಾಕ್ಟರು ಸಾವಂತ್ರಕ್ಕನಿಗೆ ತಿಳಿಸಿ ಹೇಳಲು ಕೂತರು. ಹಳೆಯ ಬಡಿಸುವವಳೆಂದು ಅವಳ ಭಾಷೆಯಲ್ಲೇ ಪ್ರಯತ್ನಿಸಿದರು. "ನೋಡಿ, ಎರಡೂ ಸಾಲಿಗೆ ತುಪ್ಪ ಬಡಿಸಿದ್ರೆ, ತುಪ್ಪದಿಂದ್ಲೇ ದಪ್ಪ ಆದದ್ದು ಅಂತ ಗೊತ್ತಾಗುದು ಹೇಗೆ?"

"ಉಂಡವರನ್ನ ಕೇಳ್ರಿ" ಎಂದಳು ಸಾವಂತ್ರಕ್ಕ.

"ಇಲಿ ಹೇಳ್ತದಾ?"

"ನಿಮ್ಮೂರಾಗ ಹೇಳಂಗಿಲ್ಲೇನೋ. ನಮ್ಮೂರಾಗ ಹೇಳ್ತಾವಲ್ಲ, ಮಾಸ್ತರು ಬರಕೋತಾರಲ್ಲ!"

ಡಾಕ್ಟರು ನನ್ನ ಕಡೆ ತಿರುಗಿದರು. ಇಡೀ ವಿಜ್ಞಾನಕ್ಕೆ ಅಲ್ಲಿ ಇದ್ದ ವಕೀಲ ನಾನೊಬ್ಬ, ಅದೂ ಪೇಟಿ ರಿಪೇರಿಯವನು. ಅವರು ಸಾವಂತ್ರಕ್ಕನನ್ನು ಕೆಲಸದಿಂದ ಬಿಡಿಸಬಹುದಿತ್ತು, ಬೇರೆಯವರನ್ನು ತರಬಹುದಿತ್ತು. ಆದರೆ ಈ ಊರಿನಲ್ಲಿ ಬರುವ ಬೇರೆಯವಳೂ ಅದೇ ಮಠದಲ್ಲಿ ಉಂಡವಳೇ. ಯೋಚಿಸಿ ಹೇಳಿದೆ: "ಸಾವಂತ್ರಕ್ಕ, ಮಠದಲ್ಲಿ ಜನ ಹೆಚ್ಚಾದಾಗ ಎಲ್ಲರೂ ಒಟ್ಟಿಗೆ ಕೂರುತ್ತಾರೇನು?" ಇಲ್ಲ ಎಂದಳು. "ಎರಡನೇ ಪಂಕ್ತಿಯವರು ಹೊರಗೆ ಕಾಯುತ್ತಾರೆ. ಅದು ಭೇದವೇ?" ಅಲ್ಲ ಎಂದಳು. "ಹಾಗೆ ತಿಳಿ. ಕಿಟಕಿ ಸಾಲು ಮೊದಲನೇ ಪಂಕ್ತಿ, ಗೋಡೆ ಸಾಲು ಎರಡನೇ ಪಂಕ್ತಿ. ಮೂರು ವಾರ ಆದ ಮರುದಿನ ಅವಕ್ಕೂ ಬಡಿಸೋಣ." ಡಾಕ್ಟರು ಬಾಯಿ ತೆರೆದವರು, ಹಾಗೆ ಮಾಡಬಾರದೆಂದು ಎಲ್ಲಿಯೂ ಬರೆದಿಲ್ಲ ಎಂಬುದು ಹೊಳೆದು ಬಾಯಿ ಮುಚ್ಚಿದರು.

"ಹಂಗಂತ ಮೊದಲ ಹೇಳಬೇಕಿಲ್ಲರಿ ಬಾಯಾರ!" ಎಂದು ಸಾವಂತ್ರಕ್ಕ ಎದ್ದಳು. ಬಾಗಿಲವರೆಗೆ ಹೋಗಿ ನಿಂತಳು. "ಎರಡನೇ ಪಂಕ್ತಿಗೆ ಅಡಗಿ ಉಳೀತೈತೇನು?" ಉಳಿಯುತ್ತದೆ ಎಂದರು ಡಾಕ್ಟರು. "ಅಲ್ಲೀತನಕ ಕುಂತವರು ಉಳೀತಾರೇನು?"

ಡಾಕ್ಟರು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಎಲ್ಲ ಉಳಿಲಿಕ್ಕಿಲ್ಲ" ಎಂದರು. ಸಾವಂತ್ರಕ್ಕ ಜೀರಿಗಿಯನ್ನು ನೋಡಿದಳು. ಅದು ಬಿಸಿಲಿನಲ್ಲಿ, ಗಂಟು ನೆಲಕ್ಕೆ ತಾಗದಂತೆ ಒಂದು ಮಗ್ಗುಲಾಗಿ ಮಲಗಿತ್ತು. "ನಾಳೆ ಹೇಳ್ತೀನಿ" ಎಂದು ಹೋದಳು.

ಮರುದಿನ ಒಪ್ಪಿಕೊಂಡಳು, ಒಂದು ಕರಾರಿನ ಮೇಲೆ. ಖಾಲಿ ಮಿಳ್ಳೆ ತೋರಿಸುವ ಕೆಲಸ ತನ್ನ ಕಣ್ಣೆದುರು ಆಗಬಾರದು. ಡಾಕ್ಟರು ಗೋಡೆ ಸಾಲಿಗೆ ಕೊಳವೆ ಮುಟ್ಟಿಸುವ ಆ ಒಂದು ಗಂಟೆ ಆಕೆ ಅಂಗಳದಲ್ಲಿ ಇರುತ್ತಿದ್ದಳು. ಆ ಅಂಗಳವನ್ನು ಹಾಗೆ ಯಾರೂ ಎಂದೂ ಗುಡಿಸಿರಲಿಲ್ಲ. ಮೂರು ವಾರ ಆಕೆ ಊಟಕ್ಕೆ ತುಪ್ಪ ಹಾಕಿಕೊಳ್ಳಲಿಲ್ಲ ಎಂದು ಈರಪ್ಪನಿಂದ ತಿಳಿಯಿತು. ಯಂತ್ರದ ಹಸಿರು ಗುಂಡಿಗೆ ತಾನೇ ಒಂದು ಬಟ್ಟೆ ಕಟ್ಟಿ ಗಂಟು ಹಾಕಿ, ಮಧ್ಯಾಹ್ನ ಹನ್ನೆರಡಕ್ಕೆ ಡಾಕ್ಟರ ಜೊತೆಗೇ ಹೊರಗೆ ಬಂದು, ಅವರು ಊಟ ಮುಗಿಸುವ ತನಕ ಖಾನಾವಳಿಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಕೈ ತಡೆಯುವುದಿಲ್ಲ ಎಂದು ತನ್ನ ಬಗ್ಗೆ ತನಗೇ ಗೊತ್ತಿತ್ತು.

ಈ ಸಲ ನನ್ನ ಪುಸ್ತಕದಲ್ಲಿ ಹಾಡುವ ಇಲಿಗಳು ಬೇರೆಯಾದವು, ಹಾಡದವು ಬೇರೆಯಾದವು. ಯಾವ ಸಾಲಿನದು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಬುಟ್ಟಿ ಇಡುವಾಗ ಸಾವಂತ್ರಕ್ಕನ ಮುಖ ನೋಡಬಾರದೆಂದು ಕಣ್ಣು ಮುಚ್ಚಿ ಕೂರುತ್ತಿದ್ದೆ. ಆದರೂ ಆಕೆಯ ಎಡದಾಕಿ ಇದ್ದಳಲ್ಲ. ಸುಮ್ಮನಿದ್ದ ಇಲಿಯನ್ನು ತರುವಾಗ ಆಕೆಯ ಪಕ್ಕೆಯ ದನಿ ಅರ್ಧ ಮನೆ ಇಳಿಯುತ್ತಿತ್ತು. ಡಾಕ್ಟರಿಗೆ ನಾನು ಇದನ್ನು ಹೇಳಿದ್ದರೆ ಮತ್ತೊಮ್ಮೆ ಮೊದಲಿನಿಂದ ಮಾಡಬೇಕಾಗುತ್ತಿತ್ತು. ಹತ್ತಿ ಕೇಳಿ ತಂದು ಆಕೆಯ ಕಡೆಯ ಕಿವಿಗೆ ತುರುಕಿಕೊಂಡೆ. ನನ್ನ ಪ್ರಾಮಾಣಿಕತೆಯ ಗಾತ್ರ ಅಷ್ಟು. ಒಂದು ದಿನ ಬುಟ್ಟಿ ಬರಲಿಲ್ಲ, ಆಕೆ ಬರಿಗೈಯಲ್ಲಿ ಬಂದು, "ಹದಿನೇಳನೇದು ಎಲಿ ಬಿಟ್ಟ ಎದ್ದತು" ಎಂದಳು. ಅಂಥವು ಒಂಬತ್ತಾದವು. ಗೋದಾಮಿನ ಹಿಂದೆ ಬೇವಿನ ಗಿಡದ ಕೆಳಗೆ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಗುಂಡಿ ತೋಡಿ ಹೂತಳು.

ಮೂರು ವಾರ ಮುಗಿದಾಗ ಕಿಟಕಿ ಸಾಲಿನಲ್ಲಿ ಹದಿನೆಂಟು ಹಾಡುತ್ತಿದ್ದವು. ಗೋಡೆ ಸಾಲಿನಲ್ಲಿ ಹನ್ನೊಂದು ಉಳಿದಿದ್ದವು, ಎಲ್ಲವೂ ಮೂಕ. ಡಾಕ್ಟರು ವರದಿ ಕಳಿಸಿದರು. ಮೊದಲ ಪ್ರಯೋಗದ ಬಗ್ಗೆ ಬಡಿಸುವುದರಲ್ಲಿ ಪ್ರಮಾದವಾದದ್ದರಿಂದ ಕೈಬಿಡಲಾಗಿದೆ ಎಂದು ಬರೆದರು. ಮೇಲಿನವರು ಆ ಶಬ್ದದ ಅರ್ಥವನ್ನು ಯಾರನ್ನು ಕೇಳಿ ತಿಳಿದುಕೊಂಡರೋ. ಲೆಕ್ಕದಂತೆ ಗೋಡೆ ಸಾಲಿಗೆ ಮರುದಿನವೇ ಬಡಿಸಬೇಕಿತ್ತು. ಆದರೆ ಉತ್ತರ ಬರುವ ತನಕ ಯಂತ್ರ ಮುಟ್ಟಬೇಡಿ ಎಂದು ತಂತಿಯಂತಹ ಒಂದು ಚಿಕ್ಕ ಕಾಗದ ಬಂತು. ಐದು ದಿನ ಕಾದೆವು. ಐದನೇ ದಿನ ಜೀರಿಗಿ ಎದ್ದು ನಿಲ್ಲಲಿಲ್ಲ. ಗಂಟು ಮೋಸಂಬಿಯಷ್ಟಾಗಿತ್ತು. ಆರನೇ ದಿನ ಬೆಳಿಗ್ಗೆ ಹತ್ತಕ್ಕೆ ಒಪ್ಪಿಗೆಯ ಪತ್ರ, ದೊಡ್ಡ ಕೊಳವೆ ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವು.

ಡಾಕ್ಟರು ಪೆಟ್ಟಿಗೆ ಹರಿದು ಕೊಳವೆ ಜೋಡಿಸಿ, "ತನ್ನಿ ಬೇಗ ನಾಯಿಯನ್ನು" ಎಂದರು. ಸಾವಂತ್ರಕ್ಕ ಜೀರಿಗಿಯನ್ನು ಕಂಬಳಿಯಲ್ಲಿ ಎತ್ತಿ ತಂದು ಮೂಲೆಯಲ್ಲಿ ಮಲಗಿಸಿದಳು. ಮೇಜಿನ ಮೇಲೆ ಇಡಲಿಲ್ಲ. ಹೋಗಿ ಗೋಡೆ ಸಾಲಿನ ಮೊದಲ ಪಂಜರ ತೆಗೆದು ಇಲಿಯನ್ನು ಡಾಕ್ಟರ ಮುಂದೆ ಹಿಡಿದಳು.

"ಎಂತ ಇದು?"

"ಎರಡನೇ ಪಂಕ್ತಿ ಕುಂತೈತ್ರಿ."

"ಮಾರಾಯ್ತಿ, ಅದರ ಉಸಿರು ನೋಡಿ! ಇಲಿಗೆ ಆಮೇಲೆ ಕೊಡುವ. ನಿಮ್ಮದೇ ನಾಯಿ ಅಲ್ವಾ!"

"ನನ್ನದ ಐತಿ. ಅದಕ್ಕ ಅದು ಆಮ್ಯಾಲ" ಎಂದಳು ಸಾವಂತ್ರಕ್ಕ. "ಐದು ದಿನ ಹೆಚ್ಚಿಗಿ ಕಾದಾವ. ಒಂಬತ್ತು ಮಂದಿ ಎದ್ದು ಹೋಗ್ಯಾರ. ಈಗ ಬಡಿಸಾಕಿ ತನ್ನ ಮನಿಯವರನ್ನ ಮೊದಲ ಕುಂಡ್ರಿಸಿದ್ರ ನಾ ಮೂವತ್ತ ವರ್ಷ ಮಾಡಿದ್ದು ಏನು?"

ನಾನು ಬೈದೆ. ಮೂವತ್ತು ವರ್ಷ ಸೊಂಟ ಮುರಿದುಕೊಂಡರೂ ಬುದ್ಧಿ ಬರಲಿಲ್ಲ ಎಂದೆ. ಇಲಿ, ನಾಯಿ, ಇವುಗಳಿಗೇನು ಪಂಕ್ತಿ ತಿಳಿಯುತ್ತದೆಯೇ ಎಂದೆ. ಆಕೆ ನನ್ನ ಮುಖ ನೋಡದೆ, "ಅವಕ್ಕ ತಿಳಿಯಂಗಿಲ್ಲ ಅಂತನ ನಾವ್ ತಿಳಕೋಬೇಕ್ರಿ" ಎಂದಳು. ವಾದ ಮಾಡಿದಷ್ಟು ಹೊತ್ತು ಹಾಳೆಂದು ಡಾಕ್ಟರು ಚಿಕ್ಕ ಕೊಳವೆ ಹಿಡಿದು ಕೂತರು. ಹನ್ನೊಂದು ಇಲಿ, ಮೂರು ಮೂರು ನಿಮಿಷ. ಹಿಡಿಯುವುದು, ಒರೆಸುವುದು ಸೇರಿ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ನಾನು ಮೂಲೆಯಲ್ಲಿ ಜೀರಿಗಿಯ ಪಕ್ಕ ಕೂತು ಅದರ ಉಸಿರು ಎಣಿಸಿದೆ. ಸಾವಂತ್ರಕ್ಕ ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಒಂದೇ ಒಂದು ಇಲಿಗೆ ಮೂರು ನಿಮಿಷಕ್ಕಿಂತ ಕಡಿಮೆ ಹಿಡಿಯಲು ಬಿಡಲಿಲ್ಲ. ಹನ್ನೊಂದನೆಯದನ್ನು ಪಂಜರಕ್ಕೆ ಬಿಟ್ಟು ಚಿಲಕ ಹಾಕಿದ ಮೇಲೆ ಓಡಿ ಬಂದಳು, ಮೊಣಕಾಲು ಇಲ್ಲದವಳು ಓಡಿದಳು, ನಾಯಿಯನ್ನು ಎತ್ತಿ ಮೇಜಿನ ಮೇಲೆ ಇಟ್ಟಳು.

ಡಾಕ್ಟರು ದೊಡ್ಡ ಕೊಳವೆಯನ್ನು ಅದರ ಎಡಪಕ್ಕೆಗೆ ಹಚ್ಚಿದರು. ಸಾವಂತ್ರಕ್ಕ ಬಗ್ಗಿ ನೋಡಿ, "ಗುಂಡಿ ಒತ್ತೀರಿಲ್ಲೊ?" ಎಂದು ಕೇಳಿದಳು. ಡಾಕ್ಟರು ಆಕೆಯ ಕೈ ಹಿಡಿದು ಬೆರಳನ್ನು ಹಸಿರು ಗುಂಡಿಯ ಮೇಲೆ ಇಟ್ಟರು. "ನೀವೇ ಒತ್ತಿ."

ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಏನೂ ಇಲ್ಲ. ನಾಲ್ಕನೇ ದಿನ ಜೀರಿಗಿ ಸ್ವಲ್ಪ ಗಂಜಿ ನೆಕ್ಕಿತು. ಅದು ಎಡದಾಕಿಯ ಕೃಪೆಯೋ ಈರಪ್ಪನ ಗಂಜಿಯ ಗುಣವೋ ಹೇಳಲಾಗದು ಎಂದು ಡಾಕ್ಟರು ಬರೆದುಕೊಂಡರು. ಅಷ್ಟರಲ್ಲಿ ಗೋಡೆ ಸಾಲಿನಿಂದ ಮೂರು ಇಲಿ ಗುಂಯ್ ಎನ್ನತೊಡಗಿದ್ದವು. ಏಳನೇ ದಿನ ನಾನು ಎಂದಿನಂತೆ ಕೊಳವೆ ಕಿವಿಗೆ ಹಚ್ಚಿ ನಾಯಿಯ ಪಕ್ಕಕ್ಕೆ ಬಗ್ಗಿದೆ. ಗುರ್ ಎಂದು ಕೇಳಿಸಿತು. ನೋಡಿದರೆ ಅದರ ಬಾಲ ನನ್ನ ಮೊಣಕೈ ಕೆಳಗಿತ್ತು, ಜೀರಿಗಿ ಹಲ್ಲು ಬಿಟ್ಟು ನನ್ನ ಮೇಲೆ ಗುರುಗುಡುತ್ತಿತ್ತು. ಕೈ ತೆಗೆದೆ, ಗುರುಗುಡುವುದು ನಿಂತಿತು. ಆದರೂ ಒಂದು ದನಿ ಉಳಿದಿತ್ತು.

ಡಾಕ್ಟರದಂತೂ ಅಲ್ಲ. ನನ್ನದು ನನಗೆ ಗೊತ್ತು. "ಸಾವಂತ್ರಕ್ಕ, ಸ್ವಲ್ಪ ಹೊರಗೆ ಹೋಗಿ ನಿಲ್ಲು" ಎಂದೆ. ಆಕೆ ಅಂಗಳ ದಾಟಿ, ರಸ್ತೆ ದಾಟಿ, ಖಾನಾವಳಿಯ ಕಟ್ಟೆಯವರೆಗೆ ಹೋಗಿ, ಬೆನ್ನು ಹಾಕಿ ನಿಂತಳು. ನಾನು ಮತ್ತೆ ಬಗ್ಗಿದೆ. ಕರಿ ಎರಡೂ ಅಲ್ಲ, ಬಿಳಿ ಮೂರೂ ಅಲ್ಲ, ಎರಡರ ನಡುವೆ ಎಲ್ಲೋ, ತುಕ್ಕು ಹಿಡಿದ ಸ್ವರಪಟ್ಟಿಯಂತೆ ಒಡಕು ದನಿ. ಇಂಥ ಪೇಟಿಯನ್ನು ಯಾರಾದರೂ ಅಂಗಡಿಗೆ ತಂದಿದ್ದರೆ ರಿಪೇರಿ ಬೇಡ, ಒಲೆಗೆ ಹಾಕಿ ಎನ್ನುತ್ತಿದ್ದೆ.

ಬಾಗಿಲಿಗೆ ಬಂದು ಕೈಯೆತ್ತಿದೆ. ಆಕೆ ಬೆನ್ನು ಹಾಕಿದ್ದರಿಂದ ಕಾಣಲಿಲ್ಲ. ಈರಪ್ಪ ನೋಡಿ ಆಕೆಗೆ ಏನೋ ಹೇಳಿದ. ಆಕೆ ತಿರುಗಲಿಲ್ಲ. ಕಟ್ಟೆಯ ಮೇಲೆ ಕೂತು, "ಈರಪ್ಪಾ, ಒಂದ್ ಊಟ ಕೊಡೋ, ತುಪ್ಪ ಹಾಕಿ" ಎಂದಳು. ಅದು ರಸ್ತೆಯ ಈ ಬದಿಗೂ ಕೇಳಿಸಿತು.

ನಾನು ಒಳಗೆ ಹೋಗಿ ಪುಸ್ತಕ ತೆರೆದೆ. ಲೆಕ್ಕ ಬಿಚ್ಚಿದ ಮೇಲೆ ಡಾಕ್ಟರು ಮೇಲೆ ಸಾಲು ಒಂದು, ಸಾಲು ಎರಡು ಎಂದು ಬರೆದಿದ್ದರು, ನಾಯಿಗೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ: ಮೂರನೇ ಪಂಕ್ತಿ, ಎಲೆ ಒಂದು.